ಬಲಗೆನ್ನೆ

"ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ," ಎಂದರು ಮೇಡಂ.

ಕತ್ತರಿಮಾಮ ಕೋಣೆಯನ್ನೆಲ್ಲ ಕಣ್ಣಲ್ಲೇ ಅಳೆದ. ಕಿಟಕಿಯ ಪಕ್ಕ ಬೆತ್ತದ ಕುರ್ಚಿ, ಗೋಡೆಗೆ ಒತ್ತಿಕೊಂಡು ಸೋಫಾ, ಬಾಗಿಲ ಹತ್ತಿರ ಒಂದು ಸ್ಟೂಲು. ಆದರೆ ಅವನು ಬುದ್ಧಿ ತಿಳಿದಾಗಿನಿಂದ ಕುರ್ಚಿಯ ಹಿಂದೆ ನಿಂತವನೇ ಹೊರತು ಕುರ್ಚಿಯ ಮೇಲೆ ಕೂತವನಲ್ಲ. ಊಟ ಕೂಡ ನಿಂತೇ ಮಾಡುತ್ತಾನೆ ಎಂದು ಹೆಂಡತಿ ದೂರುತ್ತಿದ್ದಳು. ಅವನು ಕುರ್ಚಿ, ಸೋಫಾ, ಸ್ಟೂಲು ಎಲ್ಲವನ್ನೂ ಬಿಟ್ಟು, ಮೇಡಂ ಕೂತಿದ್ದ ಕುರ್ಚಿಯ ಹಿಂದೆ ಹೋಗಿ, ಅದರ ಬೆನ್ನಿನ ಮೇಲೆ ಎರಡೂ ಕೈಯಿಟ್ಟು ನಿಂತುಬಿಟ್ಟ.

ಬೇರೆ ಯಾರಾದರೂ ಆಗಿದ್ದರೆ ಗಾಬರಿಯಿಂದ ಎದ್ದೇಬಿಡುತ್ತಿದ್ದರು. ಮೇಡಂ ಕತ್ತು ಮಾತ್ರ ತಿರುಗಿಸಿ, "ಅಲ್ಲಿ ನಿಂತ್ರೆ ನಿಮಗೆ ಅನುಕೂಲಾನಾ?" ಎಂದು ಕೇಳಿದರು.

"ಅನುಕೂಲ ಅಂತಲ್ಲ, ಅಭ್ಯಾಸ ಮೇಡಂ." ಅವನ ಕಣ್ಣು ಆಗಲೇ ಕೆಲಸಕ್ಕೆ ಇಳಿದಿತ್ತು. "ನಿಮ್ಮ ಕೂದಲ ತುದಿ ಒಂದೇ ಸಮ ಇಲ್ಲ. ಯಾರು ಕತ್ತರಿಸಿದ್ದು?"

"ನಾನೇ."

"ಕಾಣುತ್ತೆ," ಎಂದ ಕತ್ತರಿಮಾಮ, ಅನುಕಂಪದಿಂದ.

ಕತ್ತರಿಮಾಮ ಎನ್ನುವುದು ಬೀದಿಯ ಮಕ್ಕಳು ಇಟ್ಟ ಹೆಸರು. ಕತ್ತರಿಯ ಸದ್ದಿಗೆ ಅಳುವ ಮಕ್ಕಳನ್ನು ಅವನು ಕಥೆ ಹೇಳಿ ಸುಮ್ಮನಾಗಿಸುತ್ತಿದ್ದ. ಬರಬರುತ್ತಾ ದೊಡ್ಡವರಿಗೂ ಅದೇ ಚಟ ಅಂಟಿತು. ಅವನ ಸಲೂನಿಗೆ ಬರುವವರಲ್ಲಿ ಅರ್ಧ ಜನ ಗಡ್ಡ ಬೆಳೆದಿದೆ ಎಂದು ಬರುವವರು, ಇನ್ನರ್ಧ ಜನ ಕಥೆ ಕೇಳುವುದಕ್ಕೆಂದೇ ಗಡ್ಡ ಬೆಳೆಸಿಕೊಂಡು ಬರುವವರು. ಅವನ ಬಾಯಿಯೂ ಕೈಯೂ ಒಂದೇ ಮೋಟಾರಿನಿಂದ ನಡೆಯುತ್ತವೆ ಎಂದು ಜನ ತಮಾಷೆ ಮಾಡುತ್ತಿದ್ದರು.

ಅಂಥವನ ಕೈ ಈಗ ರೇಜರು ಹಿಡಿದರೆ ನಡುಗುತ್ತಿತ್ತು. ಕತ್ತರಿಗೆ ನಡುಗದು, ಬಾಚಣಿಗೆಗೆ ನಡುಗದು, ತುಂಬಿದ ಟೀ ಲೋಟಕ್ಕೂ ನಡುಗದು. ನಿವೃತ್ತ ಪೋಸ್ಟ್‌ಮಾಸ್ಟರು ಅವನ ಕುರ್ಚಿಯಲ್ಲೇ, ಅವನು ಗಡ್ಡ ಹೆರೆಯುತ್ತಿರುವಾಗಲೇ ತೀರಿಕೊಂಡ ದಿನದಿಂದ ಹೀಗೆ. ಅವತ್ತು ಮೊದಲು ಒಳಗೆ ಬಂದವನು ಎದುರಿನ ಚಪ್ಪಲಿ ಅಂಗಡಿಯವನು. ಕುರ್ಚಿಯಲ್ಲಿ ಕತ್ತು ವಾಲಿಸಿದ ಮನುಷ್ಯ, ಪಕ್ಕದಲ್ಲಿ ರೇಜರು ಹಿಡಿದು ನಿಂತ ಕತ್ತರಿಮಾಮ. ಇಷ್ಟು ನೋಡಿದ್ದೇ, "ಕುಯ್ದುಬಿಟ್ಟ!" ಎಂದು ಕಿರುಚಿ ಕಾಲಿಗೆ ಬುದ್ಧಿ ಹೇಳಿದ. ಆಮೇಲೆ ಡಾಕ್ಟರು ಬಂದು ಹೃದಯಾಘಾತ ಎಂದರು, ಮೈಮೇಲೆ ಒಂದು ಗೀರೂ ಇಲ್ಲ ಎಂದರು. ಚಪ್ಪಲಿ ಅಂಗಡಿಯವನು ತಲೆ ತಗ್ಗಿಸಿಕೊಂಡು ಬಂದು, ತಪ್ಪಾಯಿತೆಂದು ಹೇಳಿ, ಒಂದು ಜೊತೆ ಒಳ್ಳೆ ಚಪ್ಪಲಿ ಕೊಟ್ಟು ಹೋದ. ಆ ಚಪ್ಪಲಿ ಸವೆದೂ ಆಯಿತು, ನಡುಕ ಮಾತ್ರ ಹೋಗಲಿಲ್ಲ.

ಗಡ್ಡದ ಕೆಲಸವೆಲ್ಲ, ಆವರೆಗೆ ಅಂಗಡಿಯಲ್ಲಿ ಬರೀ ಕೂದಲು ಕತ್ತರಿಸುತ್ತಿದ್ದ ಭಾವಮೈದನ ತಲೆಗೆ ಬಂತು. ಹೆಂಡತಿಯ ತಮ್ಮ, ಮನಸ್ಸು ಅಪ್ಪಟ ಚಿನ್ನ, ಕೈ ಮಾತ್ರ ಮರದ್ದು. ಅವನ ಕೈಯಿಂದ ಪಾರಾದವರು ಗಲ್ಲದ ಮೇಲೆ ಪೇಪರಿನ ಚೂರು ಅಂಟಿಸಿಕೊಂಡು ಮನೆಗೆ ಹೋಗುತ್ತಿದ್ದರು. ತನ್ನ ಕೈಯ ಮೇಲೆ ತನಗೇ ನಂಬಿಕೆಯಿಲ್ಲದೆ ಅವನು ಸ್ವತಃ ಗಡ್ಡ ಬಿಟ್ಟಿದ್ದ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ, ಕಂಡೂ ಕಾಣದ ಹಾಗೆ, ಮುಂದಿನ ತಿರುವಿನ ಹೊಸ ಸಲೂನಿನ ಕಡೆ ಜಾರುತ್ತಿದ್ದರು. ಹೀಗೇ ಹೋದರೆ ಅಂಗಡಿಗೆ ಬೀಗ ಬೀಳುವುದು ಖಂಡಿತ ಎಂದು ಎಲ್ಲರಿಗೂ ಗೊತ್ತಿತ್ತು. ನರದ ಡಾಕ್ಟರು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನರ ಗಟ್ಟಿಮುಟ್ಟಾಗಿದೆ, ಇದು ಮನಸ್ಸಿಗೆ ಬಿದ್ದ ಪೆಟ್ಟು ಎಂದು ಈ ಆಪ್ತಸಮಾಲೋಚಕಿ ಮೇಡಂ ಹತ್ತಿರ ಕಳಿಸಿದ್ದರು. ಈ ಮೇಡಂ ಕೈಯನ್ನು ನೋಡಲೇ ಇಲ್ಲ.

"ಬಾಗಿಲು ಮುಚ್ಚಲಾ, ತೆಗೆದೇ ಇರ್ಲಾ?" ಎಂದು ಕೇಳಿದರು.

"ಅರ್ಧ," ಎಂದ ಕತ್ತರಿಮಾಮ. ಅವರು ನಿಜವಾಗಿಯೂ ಎದ್ದು ಹೋಗಿ, ಬಾಗಿಲನ್ನು ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ, ಕೆಳಗೆ ಮರದ ತುಂಡು ಸಿಗಿಸಿ ಬಂದರು. ಇಂಥ ಡಾಕ್ಟರನ್ನು ಅವನು ಕಂಡಿರಲಿಲ್ಲ.

"ಇಲ್ಲಿ ಯಾವ ಮಾತೂ ಕಡ್ಡಾಯ ಅಲ್ಲ. ನಾನು ಕೇಳಿದ್ದು ಬೇಡ ಅನ್ಸಿದ್ರೆ, ಬಾಯಿ ಬಿಟ್ಟು ಹೇಳೋಕೂ ಆಗದಿದ್ರೆ, ಸುಮ್ನೆ ಒಂದು ಬೆರಳು ಎತ್ತಿ. ಅಲ್ಲಿಗೇ ನಿಲ್ಲಿಸ್ತೀನಿ."

ಕತ್ತರಿಮಾಮ ಬೆಚ್ಚಿದ. ಕುರ್ಚಿಯ ಮೇಲಿಂದ ಕೈ ತೆಗೆದ.

"ಬೆರಳು ಬೇಡ ಮೇಡಂ."

"ಆಯ್ತು, ಬೇಡ," ಎಂದರು ಮೇಡಂ. ಯಾಕೆ ಎಂದು ಕೇಳಲಿಲ್ಲ. "ಬೇರೆ ಏನು ಇಟ್ಕೊಳ್ಳೋಣ? ನೀವೇ ಹೇಳಿ."

ಅವನು ಗಂಟಲ ಮೇಲೆ ಕೈಯಾಡಿಸಿಕೊಂಡ. "ಕೆಮ್ಮಲಾ?"

"ಕೆಮ್ಮಿ."

ಹೀಗೆ ಒಪ್ಪಂದವಾಯಿತು. ಮುಂದೊಂದು ವಾರ ಅವನಿಗೆ ನಿಜವಾಗಿಯೂ ನೆಗಡಿ ಕೆಮ್ಮು ಹಿಡಿದು, ಮೇಡಂ ಬಾಯಿ ತೆರೆದಾಗಲೆಲ್ಲ ಅವನು ಕೆಮ್ಮಿ, ಅವನು ಕೆಮ್ಮಿದಾಗಲೆಲ್ಲ ಮೇಡಂ ಮಾತು ನುಂಗಿ, ಆ ಇಡೀ ಭೇಟಿ ಮೂಕಿಚಿತ್ರದ ಹಾಗೆ ನಡೆಯಿತು. ಕೊನೆಗೆ ಅವನೇ, "ಮೇಡಂ, ಇದು ಅಸಲಿ ಕೆಮ್ಮು," ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನೆಯಲ್ಲಿ ಹೆಂಡತಿ ಪ್ರತಿ ವಾರ ಬಾಗಿಲಲ್ಲೇ ಹಿಡಿಯುತ್ತಿದ್ದಳು.

"ಹೇಳಿದ್ರಾ?"

"ಅವ್ರು ಕೇಳ್ಲಿಲ್ಲ."

"ಕೇಳದೆ ಮತ್ತೇನು ಮಾಡಿದ್ರು ಅಷ್ಟು ಹೊತ್ತು?"

"ಪಾದ ನೆಲದ ಮೇಲೆ ಇದೆಯಾ ನೋಡ್ಕೊಳ್ಳಿ ಅಂದ್ರು."

"ಇತ್ತಾ?"

"ಇತ್ತು."

"ಅದನ್ನ ನೋಡೋಕೆ ಡಾಕ್ಟ್ರು ಬೇಕಾ! ನಾನೇ ಹೇಳ್ತಿದ್ನಲ್ರೀ!" ಎಂದು ಅವಳು ಕೈಯಲ್ಲಿದ್ದ ತಟ್ಟೆ ಕುಕ್ಕಿದಳು. ಅವನ ಒಳಗೆ ಏನೋ ಕೂತಿದೆ, ಅದನ್ನು ತನಗೂ ಹೇಳುತ್ತಿಲ್ಲ ಎಂಬುದು ಅವಳ ನಿದ್ದೆ ಕೆಡಿಸಿದ ಸಂಗತಿ. ಲೋಕದ ಸುದ್ದಿಯನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳುವ ಗಂಡ ಈ ಒಂದು ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಮೇಡಂ ಮುಂದೆಯೂ ಅಷ್ಟೇ. ಅವನು ಮಾತಾಡದೆ ಇರುತ್ತಿರಲಿಲ್ಲ, ಮಾತಾಡಿ ಮಾತಾಡಿ ಅವರ ತಲೆ ತಿನ್ನುತ್ತಿದ್ದ. ಬೋಳುತಲೆಯ ವಿಧಗಳು, ಸುಳಿಯಿರುವ ಮಕ್ಕಳ ಹಟ, ಮೀಸೆ ತೆಗೆಸಿ ಅಳುತ್ತಾ ಹೋದ ಪೊಲೀಸು, ಎಲ್ಲ ಹೇಳಿದ. ಪೋಸ್ಟ್‌ಮಾಸ್ಟರ ವಿಷಯಕ್ಕೆ ಬಂದ ಕೂಡಲೇ ಒಂದು ಕೆಮ್ಮು. ಮೇಡಂ ತಲೆಯಾಡಿಸಿ, "ಪೊಲೀಸ್ ಆಮೇಲೆ ಮೀಸೆ ಬಿಟ್ರಾ?" ಎನ್ನುತ್ತಿದ್ದರು. ಅವರಿಗೆ ಅವಸರವೇ ಇರಲಿಲ್ಲ. ಒಮ್ಮೊಮ್ಮೆ ಕತ್ತರಿಮಾಮನಿಗೆ ಇದರಿಂದ ಸಿಟ್ಟೂ ಬರುತ್ತಿತ್ತು. ಗದರಿಸಿ ಕೇಳಿದ್ದರೆ ಸುಳ್ಳಾದರೂ ಹೇಳಬಹುದಿತ್ತು. ಕೇಳದೆ ಕಾಯುವವರ ಮುಂದೆ ಏನು ತಾನೇ ಮಾಡುವುದು?

ಅವರು ಅವನನ್ನು ಗಮನಿಸುತ್ತಿದ್ದರು ಮಾತ್ರ. ಅವರು ತನ್ನ ಕಡೆ ತಿರುಗಿ ಕಣ್ಣಿಗೆ ಕಣ್ಣು ಕೊಟ್ಟರೆ ಅವನ ಮಾತು ಒಣಗುತ್ತಿತ್ತು. ಹಿಂದೆ ನಿಂತು, ಪುಸ್ತಕದ ಬೀರುವಿನ ಗಾಜಿನಲ್ಲಿ ಅವರ ಮುಖ ನೋಡಿಕೊಂಡರೆ ಮಾತು ಹರಿಯುತ್ತಿತ್ತು. ಒಂದು ದಿನ ಅವರು, "ಇಲ್ಲೊಂದು ಕನ್ನಡಿ ಇದ್ರೆ ಹೇಗೆ?" ಎಂದರು.

ಕತ್ತರಿಮಾಮನಿಗೆ ಇದಕ್ಕಿಂತ ಬುದ್ಧಿವಂತ ಮಾತನ್ನು ಯಾವ ಡಾಕ್ಟರೂ ಆಡಿದ್ದು ನೆನಪಿರಲಿಲ್ಲ. ಮರುವಾರವೇ ಗೋಡೆಯ ಮೇಲೆ ಕನ್ನಡಿ ಬಂತು. ಎತ್ತರ ಸರಿಯಿಲ್ಲ ಎಂದು ಅವನೇ ಮೊಳೆ ಕಿತ್ತು ಕೆಳಗಿಳಿಸಿ ಹೊಡೆದ. ಅಂದಿನಿಂದ ಮೇಡಂ ಕನ್ನಡಿಯ ಎದುರು ಕೂತರು, ಅವನು ಹಿಂದೆ ನಿಂತ. ಅವನ ಹೆಗಲ ಮೇಲೆ ಟವೆಲ್ಲೊಂದು ಬಂತು. ಈಚೆಗೆ ಜೊತೆಗೇ ಬಂದು ಹೊರಗೆ ಕಾಯುತ್ತಾ ಕೂರುತ್ತಿದ್ದ ಹೆಂಡತಿ ಒಂದು ದಿನ ಅರ್ಧ ಬಾಗಿಲಿನಿಂದ ಇಣುಕಿ ನೋಡಿ ದಂಗಾದಳು. ಮನೆಗೆ ಬರುವ ದಾರಿಯುದ್ದಕ್ಕೂ, "ಯಾರು ಯಾರಿಗೆ ಔಷಧಿ ಕೊಡ್ತಿದೀರಿ ಅಂತ ಒಂದು ಸಲ ಹೇಳಿಬಿಡಿ," ಎಂದು ಪೀಡಿಸಿದಳು.

ಟವೆಲ್ಲಿನ ನಂತರ ಬ್ರಷ್ಷು ಬಂತು, ಸೋಪಿನ ಬಟ್ಟಲು ಬಂತು. ಏನು ತರಬೇಕು, ಯಾವಾಗ ತರಬೇಕು ಎಂಬುದು ಅವನಿಗೇ ಬಿಟ್ಟದ್ದು. ರೇಜರು ಮನೆಯಲ್ಲೇ ಇತ್ತು, ಅದರ ಮಾತೇ ಇಲ್ಲ. ಅವನು ಕಿಟಕಿಯ ಕಟ್ಟೆಯ ಮೇಲೆ ಬಟ್ಟಲಿಟ್ಟು, ಮಾತಾಡುತ್ತಾ ನೊರೆ ಏಳಿಸುತ್ತಿದ್ದ. ಯಾರ ಮುಖಕ್ಕೂ ಅಲ್ಲ, ಸುಮ್ಮನೆ. ಒಂದು ದಿನ ಬ್ರಷ್ಷು ತಿರುಗಿಸುತ್ತಿದ್ದವನು ಗಕ್ಕನೆ ನಿಲ್ಲಿಸಿದ.

"ಮೇಡಂ, ನಿಮ್ಮ ಕೆಲಸ ನನಗೀಗ ಗೊತ್ತಾಯ್ತು."

"ಏನು?"

"ಗಟ್ಟಿ ಗಡ್ಡಕ್ಕೆ ಒಣಾ ಬ್ಲೇಡು ಹಾಕ್ಬಾರ್ದು, ರಕ್ತ ಬರುತ್ತೆ. ಚೆನ್ನಾಗಿ ನೆನೀಬೇಕು. ನೀವು ಇಷ್ಟು ದಿನ ನನಗೆ ನೊರೆ ಹಚ್ತಾ ಇದ್ರಿ."

"ತುಂಬಾ ಗಟ್ಟಿ ಗಡ್ಡ ನಿಮ್ದು," ಎಂದರು ಮೇಡಂ ಕನ್ನಡಿಯಲ್ಲಿ.

ಅವನು ನಗಲು ಹೋದ, ನಗು ಅರ್ಧಕ್ಕೆ ನಿಂತಿತು. ಬಟ್ಟಲು ಕೆಳಗಿಟ್ಟ. ಕೆಮ್ಮು ಬರುವುದೇನೋ ಎಂದು ಮೇಡಂ ಕಾದರು. ಕೆಮ್ಮು ಬರಲಿಲ್ಲ.

"ಗಡ್ಡ ಹೆರೀವಾಗ ಗಿರಾಕಿ ಮಾತಾಡೋ ಹಾಗಿಲ್ಲ ಮೇಡಂ," ಎಂದು ಶುರು ಮಾಡಿದ. "ಏನಾದ್ರೂ ಆದ್ರೆ ಬೆರಳು ಎತ್ತಬೇಕು. ಬೆರಳು ಎದ್ರೆ ನಾವು ರೇಜರು ತೆಗೀಬೇಕು. ನಮ್ಮಪ್ಪ ಹೇಳಿಕೊಟ್ಟ ಮೊದಲ್ನೇ ಪಾಠ ಅದು. ಪೋಸ್ಟ್‌ಮಾಸ್ಟರು ಅವತ್ತು ಬೆರಳು ಎತ್ತಿದ್ರು."

ಮೇಡಂ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ಎಡಗೆನ್ನೆ ಮುಗಿಸಿದ್ದೆ. ಬಲಗಡೆಗೆ ಬರ್ತಿದ್ದೆ. ಕಥೆ ಹೇಳ್ತಾ ಇದ್ದೆ. ಬೆರಳು ಎದ್ದಿದ್ದು ಕನ್ನಡೀಲಿ ಕಾಣ್ತು ಮೇಡಂ, ಕಾಣ್ಲಿಲ್ಲ ಅನ್ನಲ್ಲ. ಆದ್ರೆ ಅವ್ರು ಯಾವಾಗ್ಲೂ ಎತ್ತೋರು. 'ತಾಳು, ಹೋದ ಸಲ ಅವನ ಚಿಕ್ಕಪ್ಪ ಅಂದೆ, ಈಗ ಸೋದರಮಾವ ಅಂತೀಯಲ್ಲ' ಅಂತ ನನ್ನ ಸುಳ್ಳು ಹಿಡಿಯೋಕೆ. ಕಥೆ ಕೊನೆಗೆ ಬಂದಿತ್ತು. 'ತಾಳಿ ಸಾರ್, ಬಂತು, ಮುಗೀತು' ಅಂದೆ. ಕೊನೇನೂ ಹೇಳ್ದೆ. ಹೇಳಿ, ನಗ್ತಾರಾ ಅಂತ ಕನ್ನಡಿ ನೋಡ್ದೆ."

ಅವನು ಹೆಗಲ ಟವೆಲ್ಲನ್ನು ತೆಗೆದು ಮುಖಕ್ಕೆ ಒತ್ತಿಕೊಂಡ. ಟವೆಲ್ಲಿನ ಒಳಗಿಂದಲೇ, ಯಾರೂ ಕೇಳದಿದ್ದರೂ, "ಪಾದ ನೆಲದ ಮೇಲೇ ಇದೆ ಮೇಡಂ," ಎಂದ.

"ಇರ್ಲಿ. ನಿಧಾನ," ಎಂದರು ಮೇಡಂ. "ಇಲ್ಲಿಗೇ ನಿಲ್ಲಿಸೋಣ್ವಾ?"

"ಬೇಡ. ಬಲಗೆನ್ನೆ ಹಾಗೇ ಉಳೀತು. ನೊರೆ ಒಣಗಿ ಹೋಗಿತ್ತು. ಹಾಗೇ ಎತ್ಕೊಂಡು ಹೋದ್ರು. ಅಷ್ಟು ನೀಟಾಗಿರೋ ಮನುಷ್ಯ, ಅರ್ಧ ಗಡ್ಡದಲ್ಲಿ ಹೋದ್ರು." ಅವನು ಟವೆಲ್ಲು ಇಳಿಸಿ ಕನ್ನಡಿಯನ್ನೇ ಕೇಳಿದ. "ಬೆರಳು ಎತ್ತಿದಾಗ ನಾನು ನಿಲ್ಲಿಸಿದ್ರೆ ಉಳೀತಿದ್ರಾ?"

ಛೇ ಛೇ, ಹಾಗೆಲ್ಲ ಇಲ್ಲ ಎಂದು ಅವರು ಬೆನ್ನು ತಟ್ಟಿಬಿಡುತ್ತಾರೆ ಎಂದು ಅವನು ಕಾದ. ಹಾಗೆ ಹೇಳಿದರೆ ನಂಬಬಾರದು ಎಂದೂ ತೀರ್ಮಾನಿಸಿಕೊಂಡಿದ್ದ.

"ನನಗೆ ಗೊತ್ತಿಲ್ಲ," ಎಂದರು ಮೇಡಂ. "ಡಾಕ್ಟ್ರು ಏನಂದ್ರು?"

"ಆ ಕ್ಷಣಕ್ಕೇ ಹೋಗಿದೆ, ದೇವರೇ ಪಕ್ಕದಲ್ಲಿ ನಿಂತಿದ್ರೂ ಆಗ್ತಿರ್ಲಿಲ್ಲ ಅಂದ್ರು. ಆದ್ರೆ ಅವರಿಗೆ ಬೆರಳಿನ ವಿಷಯ ನಾನು ಹೇಳಿಲ್ವಲ್ಲ. ಯಾರಿಗೂ ಹೇಳಿಲ್ಲ."

"ಈಗ ನನಗೆ ಹೇಳಿದ್ರಿ."

"ಹ್ಞೂಂ."

ಕೆಳಗೆ ಬೀದಿಯಲ್ಲಿ ಯಾವನೋ ಸ್ಕೂಟರು ಒದ್ದು ಒದ್ದು ಸುಸ್ತಾಗಿ ತಳ್ಳಿಕೊಂಡು ಹೋದ. ಮೇಡಂ ಕೇಳಿದರು: "ಅವರು ಕೊನೇಗೆ ಕೇಳ್ತಾ ಇದ್ದಿದ್ದು ನಿಮ್ಮ ಕಥೆ. ಅದನ್ನ ಆಮೇಲೆ ಯಾರಿಗಾದ್ರೂ ಹೇಳಿದೀರಾ?"

"ಇಲ್ಲ."

"ನಿಮಗೆ ಹೇಳ್ಬೇಕು ಅನ್ಸಿದ್ರೆ ನಾನು ಕೇಳ್ತೀನಿ. ಬೇಡ ಅನ್ಸಿದ್ರೆ ಬೇಡ. ಎಲ್ಲಿಂದ ಶುರು ಮಾಡ್ಬೇಕು ಅನ್ನೋದೂ ನಿಮ್ಮಿಷ್ಟ."

ಕತ್ತರಿಮಾಮ ಮೂಗು ಒರೆಸಿಕೊಂಡ. ಟವೆಲ್ಲನ್ನು ಒಮ್ಮೆ ಕೊಡವಿ ಹೆಗಲಿಗೆ ಹಾಕಿಕೊಂಡ. ಕುರ್ಚಿಯ ಬೆನ್ನಿಗೆ ಕೈ ಹೋಯಿತು.

"ಒಬ್ಬ ಮನುಷ್ಯ, ಪೂರ್ತಿ ಬೋಳು, ವಿಗ್ಗು ಹಾಕ್ತಿದ್ದ," ಎಂದು ಆರಂಭಿಸಿದ. "ಹೊಸದಾಗಿ ಮದುವೆ ಆಗಿತ್ತು. ಹೆಂಡ್ತಿ ಮನೆಯವರಿಗೆ ವಿಷಯ ಗೊತ್ತಿಲ್ಲ. ಕೂದಲು ಬೆಳೀದೇ ಇದ್ರೆ ಅನುಮಾನ ಬರುತ್ತಲ್ಲ? ಅದಕ್ಕೇ ತಿಂಗಳಿಗೊಂದು ಸಲ ನನ್ನ ಅಂಗಡಿಗೆ ಬಂದು ಕೂರೋನು. ನಾನು ವಿಗ್ಗಿನ ಸುತ್ತ ಗಾಳೀಲಿ ಕತ್ತರಿ ಕಚಕಚ ಅನ್ನಿಸಿ, ಕತ್ತು ಬ್ರಷ್ಷಲ್ಲಿ ಒರೆಸಿ ಕಳಿಸೋನು. ಹೀಗೇ ನಡೀತಿತ್ತು. ಒಂದು ಸಲ ಅವನ ಹಿಂದೇನೇ ಅವನ ಮಾವ ಬಂದ್ರು! ಅಳಿಯನ ಮುಖ ಬೆಳ್ಳಗಾಯ್ತು. ನನಗೂ ಕೈ ಕಾಲು ಆಡ್ಲಿಲ್ಲ. ಮಾವ ಬಾಯಿ ಮುಚ್ಕೊಂಡು ಎಲ್ಲ ನೋಡಿದ್ರು, ನಾನು ಗಾಳಿ ಕತ್ತರಿಸೋದನ್ನ. ಆಮೇಲೆ ಗಂಭೀರವಾಗಿ ಬಂದು ಪಕ್ಕದ ಕುರ್ಚೀಲಿ ಕೂತು, ನನ್ನ ಭಾವಮೈದನ ಕಿವೀಲಿ ಹೇಳಿದ್ರು..."

ಇಲ್ಲಿ ಅವನ ಧ್ವನಿ ಎಡವಿತು. ಇಲ್ಲೇ ಬೆರಳು ಎದ್ದಿದ್ದು. ಕನ್ನಡಿಯಲ್ಲಿ ಮೇಡಂ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಕತ್ತು ಚಾಚಿ ಕೇಳುತ್ತಿದ್ದರು.

"ಏನಂದ್ರು?"

"'ಅಳಿಯಂದಿರಿಗೆ ಮಾಡಿದ ಹಾಗೇ ನನಗೂ ಮಾಡಪ್ಪ,' ಅಂದ್ರು. 'ಹುಷಾರು, ಗಾಳಿಗೆ ಮಾತ್ರ.'"

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮೇಡಂ ನಕ್ಕರು. ಓದಿದವರ ಮೆತ್ತಗಿನ ನಗುವಲ್ಲ, ಮೂಗಿನಿಂದ ಒಂದು ಸದ್ದು ಹೊರಟು, ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವ ನಗು. ಕತ್ತರಿಮಾಮ ಆ ನಗುವನ್ನು ಕನ್ನಡಿಯಲ್ಲಿ ಕಣ್ಣು ಮಿಟುಕಿಸದೆ ನೋಡಿದ. ನೋಡುತ್ತಾ ನೋಡುತ್ತಾ ಅವನೂ ನಕ್ಕ, ನಗುತ್ತಾ ಅತ್ತ, ಮತ್ತೆ ಯಾವುದು ಯಾವುದೆಂದು ಅವನಿಗೇ ತಿಳಿಯದಾಯಿತು. ಹೊರಗೆ ಕೂತಿದ್ದ ಹೆಂಡತಿ ಅರ್ಧ ಬಾಗಿಲಿನಿಂದ ಓಡಿ ಬಂದು, ಒಬ್ಬರನ್ನು ಬಿಟ್ಟು ಒಬ್ಬರನ್ನು ನೋಡಿ, "ವಾಸಿ ಆಯ್ತಾ, ಜಾಸ್ತಿ ಆಯ್ತಾ?" ಎಂದು ಕೇಳಿದಳು.

ದಾರಿಯಲ್ಲಿ ಅವನು ಅವಳಿಗೂ ಬೆರಳಿನ ವಿಷಯ ಹೇಳಿದ. ಇಷ್ಟು ದಿನ ಬೆನ್ನು ಬಿಡದೆ ಕೇಳಿದ್ದವಳು ಈಗ ಅವನ ಕೈ ಹಿಡಿದುಕೊಂಡು ರಸ್ತೆ ದಾಟಿಸಿದಳು.

ರೇಜರಿಗೆ ಮತ್ತೂ ಕೆಲವು ವಾರ ಬೇಕಾದವು. ಮೊದಲು ಡಬ್ಬಿಯ ಸಮೇತ ಮೇಡಂ ಕಿಟಕಿಯ ಕಟ್ಟೆಗೆ ಬಂತು, ಆಮೇಲೆ ಡಬ್ಬಿಯಿಂದ ಹೊರಗೆ ಬಂತು, ಆಮೇಲೆ ಬ್ಲೇಡಿಲ್ಲದೆ ಅವನ ಕೈಗೆ ಬಂತು. ನಡುಕ ಬಂದಾಗ ಇಟ್ಟುಬಿಡುವುದು, ಹೋದಾಗ ಮತ್ತೆ ಎತ್ತುವುದು. ಇದಕ್ಕೆಲ್ಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಲೊಚಗುಟ್ಟಲಿಲ್ಲ. ಸಲೂನಿನಲ್ಲಿ ಇನ್ನೂ ಭಾವಮೈದನೇ ಜನರ ಗಲ್ಲ ಕೆತ್ತುತ್ತಿದ್ದ.

ಒಂದು ಮಂಗಳವಾರ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕತ್ತರಿಮಾಮ ಬಟ್ಟೆ ಕೊಡವಿ, "ಲೋ, ಬಾರೋ ಇಲ್ಲಿ," ಎಂದ.

ಭಾವಮೈದ ರೇಜರನ್ನು ನೋಡಿದ, ಅದರಲ್ಲಿ ಹೊಸ ಬ್ಲೇಡು ಕೂತಿರುವುದನ್ನು ನೋಡಿದ, ಭಾವನ ಮುಖ ನೋಡಿದ. ಉಗುಳು ನುಂಗಿ ಕುರ್ಚಿ ಹತ್ತಿದ. "ಮಾಡಿ ಭಾವ. ಈ ಮುಖಕ್ಕೆ ಇನ್ನೇನು ಕೆಡೋದಿದೆ."

ಬಿಸಿನೀರಿನ ಬಟ್ಟೆ ಇಟ್ಟು, ನೊರೆ ಹಚ್ಚಿ, ಗಡ್ಡವನ್ನು ಚೆನ್ನಾಗಿ ನೆನೆಸಿದ. ಆಮೇಲೆ ಕುರ್ಚಿಯನ್ನು ಸುತ್ತಿ ಬಂದು ಇನ್ನೊಂದು ಪಕ್ಕ ನಿಂತ.

"ಯಾವಾಗ್ಲೂ ಎಡಗಡೆಯಿಂದ ಅಲ್ವಾ ಭಾವ?"

"ಇವತ್ತು ಈ ಕಡೆಯಿಂದ. ಬಾಯಿ ಮುಚ್ಚು."

ಬ್ಲೇಡು ಬಲಗೆನ್ನೆಯ ಮೇಲೆ ಕೂತಿತು. ಕೈ ಒಮ್ಮೆ ನಡುಗಿತು. ಅವನು ಅದನ್ನು ಎತ್ತಿ, ಪಾದವನ್ನು ನೆಲಕ್ಕೆ ಒತ್ತಿ, ಮತ್ತೆ ಇಟ್ಟ. ಈ ಸಲ ಜಾರಿತು, ಸರಾಗವಾಗಿ, ಕಿವಿಯ ಬುಡದಿಂದ ದವಡೆಯವರೆಗೆ. ಎರಡನೆಯ ಸಲ ಜಾರಿದಾಗ ಬಾಯಿ ತಾನಾಗಿ ತೆರೆಯಿತು. "ಒಬ್ಬ ಮನುಷ್ಯ, ಪೂರ್ತಿ ಬೋಳು, ವಿಗ್ಗು ಹಾಕ್ತಿದ್ದ..." ಕಥೆಯಲ್ಲಿ ತಾನೇ ಒಂದು ಪಾತ್ರವಾಗಿದ್ದ ಭಾವಮೈದ, ಏನೂ ಗೊತ್ತಿಲ್ಲದವನ ಹಾಗೆ ಕೇಳುತ್ತಾ ಕೂತ. ಅಳಿಯ ಬಂದ, ಮಾವ ಬಂದರು, ಮಾವ ಪಕ್ಕದ ಕುರ್ಚಿಯಲ್ಲಿ ಕೂತರು.

ಬಟ್ಟೆಯ ಅಂಚಿನಿಂದ ಒಂದು ಬೆರಳು ಎದ್ದಿತು.

ಕತ್ತರಿಮಾಮ ಮಾತನ್ನು ಅರ್ಧಕ್ಕೆ ಕತ್ತರಿಸಿದ. ರೇಜರು ಗಾಳಿಯಲ್ಲಿ ನಿಂತಿತು. ಬಗ್ಗಿ ಮುಖದ ಹತ್ತಿರ ಮುಖ ತಂದು, "ಏನೋ? ಏನಾಯ್ತು? ಹೇಳು," ಎಂದ.

"ಮೂಗು, ಭಾವ," ಎಂದ ಭಾವಮೈದ ನೊರೆಯ ಮಧ್ಯದಿಂದ. "ಕಡೀತಿದೆ."

ಅವನು ರೇಜರನ್ನು ಕೆಳಗಿಟ್ಟ. ಬಾಚಣಿಗೆಯ ಹಿಡಿಯಿಂದ ಮೂಗನ್ನು ಶ್ರದ್ಧೆಯಿಂದ ಕೆರೆದ. "ಸಾಕಾ?"

"ಇನ್ನೂ ಸ್ವಲ್ಪ ಮೇಲೆ. ಹ್ಞಾಂ. ಸಾಕು."

"ಖಂಡಿತ ಸಾಕಾ?"

"ಸಾಕು ಭಾವ, ಕಥೆ ಮುಗಿಸಿ!"

ಕಥೆಯೂ ಮುಗಿಯಿತು, ಕೆನ್ನೆಯೂ ಮುಗಿಯಿತು. ಕತ್ತರಿಮಾಮ ಒದ್ದೆ ಬಟ್ಟೆಯಿಂದ ಒರೆಸಿ, ಪಟಿಕದ ತುಂಡು ಸವರಿ, ಬೆರಳ ಹಿಂಬದಿಯಿಂದ ಒಮ್ಮೆ ಮುಟ್ಟಿ ನೋಡಿದ. ಒಂದು ಗೀರೂ ಇರಲಿಲ್ಲ.

"ಈ ಕಡೆ?" ಎಂದ ಭಾವಮೈದ, ಎಡಗಡೆಯ ನೊರೆ ಒಣಗುತ್ತಿದ್ದುದನ್ನು ಕಣ್ಣಲ್ಲೇ ತೋರಿಸಿ.

"ಮಾಡೋಣ. ಒಂದ್ನಿಮಿಷ ತಾಳು."

ಅವನು ರೇಜರನ್ನು ಒರೆಸಿ ಬಟ್ಟಲಿನ ಪಕ್ಕ ಇಟ್ಟ. ಆಮೇಲೆ ಹೋಗಿ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು, ಅದರ ಕೈಗಳ ಮೇಲೆ ತನ್ನ ತೋಳಿಟ್ಟು, ತಲೆಯನ್ನು ಹಿಂದಕ್ಕೆ ಒರಗಿಸಿದ. ಕನ್ನಡಿಯಲ್ಲಿ ಆ ನುಣುಪಾದ ಕೆನ್ನೆಯನ್ನು ನೋಡುತ್ತಾ ಬಹಳ ಹೊತ್ತು ಕೂತೇ ಇದ್ದ.